ವಾರಿಜಕ್ಕ ಚಿತ್ರದ ಓಟ ಇಳಿಸಿದ್ದು

ನಮ್ಮೂರಿನ ನದಿಯನ್ನು ನಾವು ಯಾರೂ ಕಣ್ಣಾರೆ ಕಂಡವರಲ್ಲ. ಕಟ್ಟೆಯ ಮೆಟ್ಟಿಲು ಇಳಿಯುತ್ತ ಹೋದರೆ ನೀರು ಪಾದಕ್ಕೆ ತಾಗುವ ಹೊತ್ತಿಗೆ ಮಂಜು ಎದೆಯವರೆಗೆ ಬಂದಿರುತ್ತದೆ; ಇನ್ನೆರಡು ಹೆಜ್ಜೆ ಇಟ್ಟರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಊರಿನೊಳಗೆ ಬಿಸಿಲು, ಗಾಳಿ, ಧೂಳು ಎಲ್ಲವೂ ಬೇರೆ ಊರುಗಳಲ್ಲಿ ಇರುವ ಹಾಗೆಯೇ. ನದಿಯ ಮೇಲೆ ಮಾತ್ರ ಆ ಬಿಳಿ ಯಾವ ಕಾಲಕ್ಕೂ ಎದ್ದುಹೋದದ್ದಿಲ್ಲ. ದೀಪ ಹಿಡಿದರೆ ದೀಪವನ್ನು ನುಂಗುತ್ತದೆ, ಕೂಗಿದರೆ ಕೂಗನ್ನು. ಆಚೆ ದಡದಲ್ಲಿರುವುದೂ ನಮ್ಮೂರೇ. ಆಸ್ಪತ್ರೆ, ಹೈಸ್ಕೂಲು, ರೈಲು ನಿಲ್ಲುವ ಜಾಗ ಅಲ್ಲಿವೆ; ಮಾರುಕಟ್ಟೆ, ಅಕ್ಕಿ ಗಿರಣಿ, ಹೆಚ್ಚಿನ ಮನೆಗಳು ಈಚೆಗಿವೆ. ಶಾಲೆಯಲ್ಲಿ ನದಿಯ ಚಿತ್ರ ಬಿಡಿಸಿ ಅಂದರೆ ಮಕ್ಕಳು ಖಾಲಿ ಹಾಳೆ ಕೊಡುತ್ತಾರೆ, ಮೇಷ್ಟ್ರು ಅದಕ್ಕೆ ಪೂರ್ತಿ ಅಂಕ ಹಾಕುತ್ತಾರೆ.

ದಾಟುವುದಕ್ಕೆ ಒಂದು ಲಾಂಚು ಇದೆ. ಅದನ್ನು ನಡೆಸುವವನು ಬೊಮ್ಮಯ್ಯ ತಂಡೇಲ. ಆದರೆ ಅವನಿಗೂ ನೀರಿನ ಮೇಲೆ ಏನೂ ಕಾಣುವುದಿಲ್ಲ. ಅವನಿಗೆ ಕಾಣಿಸುವವರು ನಾವು, ಅಂದರೆ ಕಟ್ಟೆಯ ಮೇಲಿನ ನೋಟದ ಕೋಣೆಯವರು. ನದಿಯ ತಳದಲ್ಲಿ ಸಾಲಾಗಿ ಕಂಬಗಳನ್ನು ನೆಟ್ಟಿದ್ದಾರೆ. ಅವು ನೀರಿನೊಳಗೆ ಶಬ್ದ ಕಳಿಸುತ್ತವೆ, ಹಿಂದಿರುಗಿ ಬಂದ ಶಬ್ದವನ್ನು ಕೋಣೆಯ ಕಂಪ್ಯೂಟರಿಗೆ ಮುಟ್ಟಿಸುತ್ತವೆ. ಅದರೊಳಗಿನ ಗ್ರಾಫಿಕ್ಸ್ ಕಾರ್ಡು ಆ ಶಬ್ದವನ್ನೆಲ್ಲ ಚಿತ್ರ ಮಾಡಿ ಪರದೆಯ ಮೇಲೆ ಬಿಡಿಸುತ್ತದೆ: ಬಂಡೆ, ಮರಳಿನ ದಿಬ್ಬ, ತೇಲಿ ಬರುವ ಮರದ ದಿಮ್ಮಿ, ದೋಣಿ. ದಿಬ್ಬಗಳು ದಿನವೂ ಜಾಗ ಬದಲಿಸುವುದರಿಂದ ನಿನ್ನೆಯ ಚಿತ್ರ ಇವತ್ತಿಗೆ ಆಗುವುದಿಲ್ಲ. ಚಿತ್ರ ಓದುವವಳು ವಾರಿಜಕ್ಕ. ಅವಳು ಓದಿದ್ದನ್ನು ವೈರ್‌ಲೆಸ್ಸಿನಲ್ಲಿ ತಂಡೇಲನಿಗೆ ಹೇಳುವವಳು ನಾನು, ನಾಗವೇಣಿ. ಊರಿನಲ್ಲಿ ಅವಳನ್ನು ನೋಟದವಳು, ನನ್ನನ್ನು ಮಾತಿನವಳು ಅನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡು ಎಂಬ ಹೆಸರು ನಮ್ಮಲ್ಲಿ ಅಜ್ಜಿಯರಿಗೂ ಗೊತ್ತು. ದಾಟಿ ಬಂದವರು ಕೋಣೆಯ ಬಾಗಿಲಲ್ಲಿ ತಲೆ ಹಾಕಿ, ಮನೆಯ ಹಸುವನ್ನು ವಿಚಾರಿಸುವ ಧಾಟಿಯಲ್ಲಿ, ‘ಕಾರ್ಡು ಚೆನ್ನಾಗಿದೆಯಾ?’ ಎಂದು ಕೇಳಿ ಹೋಗುತ್ತಾರೆ.

ಕಾರ್ಡು ಚೆನ್ನಾಗಿಯೇ ಇತ್ತು. ನಿಧಾನ, ಅಷ್ಟೇ. ಒಂದು ಚಿತ್ರ ಅಳಿಸಿ ಇನ್ನೊಂದು ಮೂಡುವಷ್ಟರಲ್ಲಿ ಲಾಂಚು ಎಷ್ಟು ಮುಂದೆ ಹೋದರೆ ಅಪಾಯವಿಲ್ಲವೋ ಅಷ್ಟೇ ಅದರ ವೇಗ. ಹಾಗಾಗಿ ನದಿ ದಾಟುವುದೆಂದರೆ ಒಂದು ದೊಡ್ಡ ಕೆಲಸ. ಹೆಂಗಸರು ಅವರೆಕಾಯಿ ಸುಲಿಯಲು ತೆಗೆದುಕೊಂಡು ಲಾಂಚು ಹತ್ತುತ್ತಿದ್ದರು, ಆಚೆ ಇಳಿಯುವಾಗ ಚೀಲ ಖಾಲಿಯಾಗಿರುತ್ತಿತ್ತು.

ವಾರಿಜಕ್ಕನ ಗಂಡ ಶೀನಣ್ಣ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ಒಂದು ಬೆಳಿಗ್ಗೆ ಮೂಟೆಯ ಮೇಲೆ ಕೂತವನು ಎದೆ ಹಿಡಿದುಕೊಂಡು ಹಾಗೇ ವಾಲಿದ. ಗಿರಣಿಯವರು ಅವನನ್ನು ಹೊತ್ತು ತಂದು ಲಾಂಚಿನಲ್ಲಿ ಮಲಗಿಸಿದರು. ವಾರಿಜಕ್ಕನೂ ಹತ್ತಲು ಹೋದಳು. ಬೊಮ್ಮಯ್ಯ ತಡೆದ. ‘ನೀ ಬಂದ್ರೆ ಚಿತ್ರ ಯಾರು ಓದ್ತಾರೆ ತಂಗೀ?’ ಎಂದ. ಅವಳಲ್ಲದೆ ಓದಲು ಬರುವವರು ಬೇರೆ ಇರಲಿಲ್ಲ. ಅವಳು ಕೋಣೆಗೆ ಬಂದು ಪರದೆಯ ಮುಂದೆ ಕೂತಳು. ಲಾಂಚು ಒಂದು ಹಸಿರು ಚುಕ್ಕೆ. ಅದು ಜರುಗುವುದು, ನಿಲ್ಲುವುದು, ಚಿತ್ರ ಬದಲಾಗುವುದನ್ನು ಕಾಯುವುದು, ಮತ್ತೆ ಜರುಗುವುದು. ಅವಳ ಧ್ವನಿ ಒಂದು ಸಲವೂ ನಡುಗಲಿಲ್ಲ. ‘ಎಡಕ್ಕೆ ದಿಬ್ಬ. ಬಲಕ್ಕೆ ತಗೊಳ್ಳಲಿ. ನೇರ. ನಿಲ್ಲಲಿ.’ ನಡುನೀರು ದಾಟಿದ ಮೇಲೆ ಬೊಮ್ಮಯ್ಯ ವೈರ್‌ಲೆಸ್ಸಿನಲ್ಲಿ ನನ್ನ ಹೆಸರು ಹಿಡಿದು ಕರೆದ. ‘ವೇಣೀ, ಅವಳಿಗೆ ಹೇಳು. ಇನ್ನು ಅವಸರ ಇಲ್ಲ.’ ನಾನು ಹೇಳಬೇಕಾಗಿ ಬರಲಿಲ್ಲ. ಕೋಣೆ ಸಣ್ಣದು, ಅವಳಿಗೆ ಕೇಳಿಸಿತ್ತು. ಆದರೂ ಲಾಂಚು ದಡ ಮುಟ್ಟುವವರೆಗೆ ಅವಳು ಚಿತ್ರ ಓದಿದಳು. ಅದರಲ್ಲಿ ಬೇರೆಯವರೂ ಇದ್ದರಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಕೆಲಸಕ್ಕೆ ಬಂದಳು. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ಲಾಂಚು ಕಟ್ಟೆಯಲ್ಲಿ ನಿಂತಿರುವ ಮಧ್ಯಾಹ್ನಗಳಲ್ಲಿ ಕಾರ್ಡಿನ ಅಳತೆಗಳನ್ನು ತೋರಿಸುವ ಒಂದು ಸಾಫ್ಟ್‌ವೇರ್ ತೆರೆದು ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. ಏನಕ್ಕಾ ಅದು ಎಂದು ಕೇಳಿದೆ. ‘ಮಾಡಿದವರು ಇದಕ್ಕೊಂದು ಓಟ ಗೊತ್ತು ಮಾಡಿ ಕೊಟ್ಟಿರ್ತಾರೆ ವೇಣೀ. ಅದಕ್ಕಿಂತ ಜೋರಾಗಿ ಓಡಿಸ್ಬಹುದು. ಓವರ್‌ಕ್ಲಾಕ್ ಅಂತಾರೆ’ ಎಂದಳು. ‘ಜೋರಾಗಿ ಓಡಿದ್ರೆ ಚಿತ್ರ ಬೇಗ ಬೇಗ ಬದಲಾಗತ್ತೆ. ಚಿತ್ರ ಬೇಗ ಬಂದ್ರೆ ಲಾಂಚೂ ಬೇಗ ಹೋಗತ್ತೆ.’ ನಾನು ಅವಳ ಮುಖ ನೋಡಿದೆ. ಅವಳು ಯಾರಿಗಾಗಿ ಇದನ್ನೆಲ್ಲ ಕಲಿಯುತ್ತಿದ್ದಾಳೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಒಮ್ಮೆಲೇ ಏರಿಸಲಿಲ್ಲ. ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಒಂದು ಗುಂಡಿ. ಅದನ್ನು ಕೂದಲೆಳೆಯಷ್ಟು ಬಲಕ್ಕೆ ಜರುಗಿಸುವಳು, ಕೆಲವು ದಿನ ಕಾಯುವಳು, ಚಿತ್ರ ಕೆಡಲಿಲ್ಲವೆಂದಾದರೆ ಮತ್ತೆ ಕೂದಲೆಳೆಯಷ್ಟು. ಓಟ ಸಾಲದೆ ಬಂದಾಗ ಕಾರ್ಡಿಗೆ ಹೋಗುವ ಕರೆಂಟನ್ನು ಹೆಚ್ಚಿಸಿದಳು. ಬಿಸಿಯಾದಾಗ ಫ್ಯಾನುಗಳನ್ನು ಪೂರ್ತಿ ವೇಗಕ್ಕೆ ಇಟ್ಟಳು. ಕೊನೆಗೆ, ಕರೆಂಟು ಹೋಗಿ ಬಂದರೂ ಇದೆಲ್ಲ ಅಳಿಸಿಹೋಗದಿರಲೆಂದು ಕಾರ್ಡಿನ ಒಳಗಿನ ನೆನಪಿಗೇ ಹೊಸ ಅಳತೆ ಬರೆದಳು. ಬಂದರು ಸಮಿತಿಯ ಅಧ್ಯಕ್ಷ ಉಮಾಕಾಂತಣ್ಣ ಬಂದು ನೋಡಿ ಬೆರಗಾದ. ಚಿತ್ರ ಹರಿಯುವ ನೀರಿನಂತೆಯೇ ಹರಿಯುತ್ತಿತ್ತು. ಲಾಂಚು ಮುಂಚಿನ ಅರ್ಧ ಹೊತ್ತಿಗೂ ಮೊದಲೇ ಆಚೆ ಮುಟ್ಟಿತು. ಅವತ್ತು ಅವರೆಕಾಯಿ ತಂದಿದ್ದ ಹೆಂಗಸರು ಅರ್ಧ ಚೀಲವನ್ನು ಹಾಗೇ ಹಿಡಿದುಕೊಂಡು ಇಳಿದು ನಕ್ಕರಂತೆ.

ಊರು ಹೊಸ ಓಟಕ್ಕೆ ಹೊಂದಿಕೊಳ್ಳಲು ಸಮಯವೇ ಬೇಕಾಗಲಿಲ್ಲ. ಆಚೆಯ ಹೈಸ್ಕೂಲಿಗೆ ಹೋಗುವ ಮಕ್ಕಳು ಬೆಳಗಿನ ಗಂಜಿ ಉಂಡೇ ಹೊರಡತೊಡಗಿದರು. ಆಚೆಯ ಹೆಣ್ಣು ಈಚೆಗೆ ಬೇಡ ಅನ್ನುತ್ತಿದ್ದ ಮನೆಗಳವರು ಸಂಬಂಧ ಮಾತಾಡಿದರು. ಮೀನು ಹಸಿಯಾಗಿರುವಾಗಲೇ ಆಚೆಯ ಬಾಣಲೆಗೆ ಬಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಗಿರಣಿಯ ಹಿಂದಿನ ಮನೆಯ ಸುಗಂಧಿಯ ಮಗಳಿಗೆ ಹಾವು ಕಚ್ಚಿದಾಗ ಲಾಂಚು ಅವಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿತು. ಇನ್ನೊಂದು ಚೂರು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರೇ ಹೇಳಿದರು. ಸುಗಂಧಿ ಮಗಳನ್ನು ಕರೆದುಕೊಂಡು ನೋಟದ ಕೋಣೆಗೆ ಬಂದು ವಾರಿಜಕ್ಕನ ಕಾಲಿಗೆ ಬಿದ್ದಳು. ‘ಏಳೇ, ಏನಿದು’ ಎಂದು ವಾರಿಜಕ್ಕ ಅವಳನ್ನು ಎಬ್ಬಿಸಿ, ಆ ಹುಡುಗಿಯ ಪಾದದ ಮೇಲಿನ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಶೀನಣ್ಣ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅವತ್ತೇ.

ಬೇಸಿಗೆ ಬಂತು. ಆ ವರ್ಷ ಊರಿನೊಳಗೆ ಕಾಯ್ದ ಹೆಂಚಿನಂಥ ಸೆಕೆ. ಒಂದು ದಿನ ಪರದೆಯ ಮೂಲೆಯಲ್ಲಿ ಒಂದು ಹಸಿರು ಕಣ ಮಿನುಗಿ ಹೋಯಿತು. ಮರುದಿನ ನಾಲ್ಕೈದು. ಬರಬರುತ್ತ ಯಾರೋ ಪರದೆಯ ಮೇಲೆ ಹೆಸರುಕಾಳು ಎರಚಿದ ಹಾಗಾಯಿತು. ನಾವು ಅವನ್ನು ಕಾಳು ಎಂದೇ ಕರೆದೆವು. ಕಾರ್ಡು ಮಿತಿಮೀರಿ ಕಾಯ್ದಾಗ ತಾನಾಗಿ ಬಿಡಿಸುವ, ನೀರಿನಲ್ಲಿ ಇಲ್ಲದ ಚುಕ್ಕೆಗಳು. ವಾರಿಜಕ್ಕ ಕಂಪ್ಯೂಟರಿನ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿದಳು, ಮನೆಯಿಂದ ಟೇಬಲ್ ಫ್ಯಾನು ತಂದು ಅದರ ಮುಂದಿಟ್ಟಳು. ಒಂದು ಸಲ ಇಲ್ಲದ ಬಂಡೆಯೊಂದು ಚಿತ್ರದಲ್ಲಿ ಎದ್ದು, ಬೊಮ್ಮಯ್ಯ ಚಕ್ರ ತಿರುಗಿಸಿದ ರಭಸಕ್ಕೆ ಲಾಂಚಿನಲ್ಲಿದ್ದ ತರಕಾರಿ ಬುಟ್ಟಿಗಳೆಲ್ಲ ಉರುಳಿದವು. ಜನ ಅದನ್ನು ಹೇಳಿಕೊಂಡು ನಕ್ಕರು. ವಾರಿಜಕ್ಕ ನಗಲಿಲ್ಲ. ಓಟವನ್ನು ಕೊಂಚ ಇಳಿಸಿ ನೋಡಿದಳು. ಲಾಂಚು ತಡವಾಯಿತು. ಉಮಾಕಾಂತಣ್ಣ ಬಂದು, ‘ಪರೀಕ್ಷೆ ಸಮಯ ವಾರಿಜಾ, ಮಕ್ಕಳು ತಡವಾಗಿ ಹೋದ್ರೆ ಒಳಗೆ ಬಿಡಲ್ಲ. ಒಂದು ಹದಿನೈದು ದಿನ ಹೇಗಾದ್ರೂ ತಳ್ಳು’ ಎಂದ. ಅವಳು ಮತ್ತೆ ಏರಿಸಿದಳು. ಯಾವುದು ಕಾಳು, ಯಾವುದು ನಿಜ ಎಂದು ಗುರುತಿಸಲು ಅವಳ ಕಣ್ಣು ಪಳಗಿತ್ತು. ಕಾಳು ಮಿನುಗಿ ಮಾಯವಾಗುತ್ತದೆ, ನಿಜವಾದದ್ದು ನಿಲ್ಲುತ್ತದೆ.

ಹಮ್ಮಣ್ಣ ಹರಿಗೋಲು ಹಾಕುವ ಮುದುಕ. ಹರಿಗೋಲನ್ನು ಹಗ್ಗದಿಂದ ದಡಕ್ಕೆ ಕಟ್ಟಿಕೊಂಡು ಹತ್ತಿರದಲ್ಲೇ ಏಡಿ ಹಿಡಿಯುವವನು. ಆ ಪರೀಕ್ಷೆಯ ದಿನಗಳಲ್ಲೇ ಒಮ್ಮೆ ಹಗ್ಗ ಬಿಚ್ಚಿಹೋಗಿ ಹರಿಗೋಲು ತಿರುಗುತ್ತ ನಡುನೀರಿಗೆ ಬಂದಿತ್ತು. ತಿರುಗುವ ಸಣ್ಣ ಹರಿಗೋಲು ಚಿತ್ರದಲ್ಲಿ ಹೇಗೆ ಕಂಡೀತು? ಮಿನುಗುತ್ತದೆ, ಮಾಯವಾಗುತ್ತದೆ, ಮಿನುಗುತ್ತದೆ. ‘ಮುಂದೆ ಏನೋ ಇದೆಯಾ ಅಕ್ಕಾ?’ ಎಂದು ನಾನು ಕೇಳಿದೆ. ವಾರಿಜಕ್ಕ ಒಂದು ಗಳಿಗೆ ಬಾಗಿ ನೋಡಿ, ‘ಕಾಳು. ನೇರ ಹೋಗಲಿ’ ಎಂದಳು. ನಾನು ಅದನ್ನೇ ಬೊಮ್ಮಯ್ಯನಿಗೆ ಹೇಳಿದೆ.

ಡಿಕ್ಕಿಯಾದ ಸದ್ದು ವೈರ್‌ಲೆಸ್ಸಿನಲ್ಲಿ ಕೇಳಿಸಿತು. ಆಮೇಲೆ ಬೊಮ್ಮಯ್ಯ ಯಾರಿಗೋ ಹಗ್ಗ ಎಸೆಯಲು ಕೂಗುವುದು ಕೇಳಿಸಿತು.

ಹಮ್ಮಣ್ಣನನ್ನು ಎತ್ತಿಕೊಂಡರು. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು. ಅಂದು ಸಾಯಂಕಾಲದ ಕೊನೆಯ ಲಾಂಚು ಹಿಂದಿರುಗುವವರೆಗೆ ವಾರಿಜಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ಪ್ರತಿ ಕಾಳಿಗೂ ಲಾಂಚು ನಿಲ್ಲಿಸಿದಳು. ನದಿಯ ತುಂಬ ಅವಳಿಗೆ ಹಮ್ಮಣ್ಣನೇ ಇದ್ದ.

ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋಗಬೇಕೆಂದಳು. ಚಿತ್ರ ಓದುವವರಾರು? ಅವಳ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದರಿಂದ ನನಗೂ ಅಷ್ಟಿಷ್ಟು ಬರುತ್ತಿತ್ತು. ಲಾಂಚಿನಲ್ಲಿ ಅವಳೊಬ್ಬಳೇ, ಬೊಮ್ಮಯ್ಯನೊಬ್ಬನೇ. ನಡೆದುಹೋದರೂ ಅದಕ್ಕಿಂತ ಬೇಗ ಮುಟ್ಟಬಹುದು ಅನ್ನುವಷ್ಟು ನಿಧಾನಕ್ಕೆ ನಾನು ಅವಳನ್ನು ದಾಟಿಸಿದೆ. ಅಲ್ಲಿ ನಡೆದದ್ದನ್ನು ಅವಳು ನನಗೆ ಬಂದು ಹೇಳಿದಳು. ಹಮ್ಮಣ್ಣ ಎಚ್ಚರವಾಗಿದ್ದ. ಸಿಟ್ಟಿರಲಿಲ್ಲ, ಗಾಬರಿಯಿತ್ತು. ಅವಳ ಕೈ ಹಿಡಿದು, ‘ನಾ ಅಲ್ಲೇ ಇದ್ನಲ್ಲ ಮಗಾ. ಕಾಣಿಸ್ಲಿಲ್ವಾ ನಿಂಗೆ?’ ಎಂದು ಕೇಳಿದ. ಕಾಣಿಸಲಿಲ್ಲ ಅಂದುಬಿಡಬಹುದಿತ್ತು. ಮುದುಕನಿಗೂ ಅದರಿಂದ ಸಮಾಧಾನವಾಗುತ್ತಿತ್ತೇನೋ. ‘ಕಾಣಿಸಿದ್ರಿ ಹಮ್ಮಣ್ಣ’ ಎಂದಳಂತೆ ಅವಳು. ‘ಕಾಣಿಸಿದ್ರಿ. ನಿಜ ಅಲ್ಲ ಅಂದ್ಕೊಂಡೆ.’ ಮುದುಕ ಛಾವಣಿಯ ಕಡೆ ತಿರುಗಿದ. ಆಮೇಲೆ ಕೈ ಬಿಟ್ಟ.

ಸಮಿತಿಯ ಸಭೆ ಗಿರಣಿಯ ಅಂಗಳದಲ್ಲಿ ಸೇರಿತು. ಉಮಾಕಾಂತಣ್ಣ ಕೆಟ್ಟವನಲ್ಲ. ಹಮ್ಮಣ್ಣನ ಮನೆಯನ್ನು ಸಮಿತಿ ನೋಡಿಕೊಳ್ಳುತ್ತದೆ, ಇನ್ನು ಮುಂದೆ ಹರಿಗೋಲು ಯಾವುದೂ ನೀರಿಗೆ ಇಳಿಯಬಾರದು, ಲಾಂಚು ಮಾತ್ರ ಈಗಿನ ಹಾಗೆಯೇ ಓಡಲಿ ಎಂದ. ಬಹಳ ಜನ ತಲೆಯಾಡಿಸಿದರು. ವಾರಿಜಕ್ಕ ಎದ್ದು ನಿಂತಳು. ‘ಹರಿಗೋಲು ಇಲ್ದಿದ್ರೆ ಮರ ಇರತ್ತೆ. ಮರ ಇಲ್ದಿದ್ರೆ ದಿಬ್ಬ ಇರತ್ತೆ. ಚಿತ್ರ ಸುಳ್ಳು ಹೇಳೋಕೆ ಶುರು ಮಾಡಿದ ಮೇಲೆ ಅದರಲ್ಲಿ ನಿಜ ಇದ್ರೂ ನಂಗೆ ಗುರುತು ಸಿಗಲ್ಲ. ಕಾರ್ಡನ್ನ ಅದರ ಮೊದಲಿನ ಅಳತೆಗೆ ತರ್ತೀನಿ’ ಎಂದಳು.

ಸುಗಂಧಿ ಮಗಳನ್ನು ಮುಂದಕ್ಕೆ ತಳ್ಳಿಕೊಂಡೇ ಎದ್ದಳು. ‘ವಾರಿಜಕ್ಕಾ, ಇವಳನ್ನ ನೋಡು. ಹಳೇ ಓಟದಲ್ಲಿ ಹೋಗಿದ್ರೆ ಇವಳು ಇರ್ತಿದ್ಲಾ? ನಾಳೆ ಇನ್ನೊಂದು ಮಗೂಗೆ ಕಚ್ಚಿದ್ರೆ ಅದರ ತಾಯಿಗೆ ಏನು ಹೇಳ್ತೀ? ಹೇಳು, ನನ್ನ ಮುಖ ನೋಡಿ ಹೇಳು.’

ವಾರಿಜಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ‘ನಿಂಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ ಸುಗಂಧೀ’ ಎಂದಳು. ‘ಹಮ್ಮಣ್ಣಂಗೂ ಹೇಳೋಕೆ ಏನೂ ಇರ್ಲಿಲ್ಲ.’

ಸಭೆ ಒಪ್ಪಿಗೆ ಕೊಡಲಿಲ್ಲ. ಮರುದಿನ ಮಧ್ಯಾಹ್ನ ಲಾಂಚು ಕಟ್ಟೆಗೆ ಬಂದು ಹಗ್ಗ ಬಿಗಿದ ಮೇಲೆ ವಾರಿಜಕ್ಕ ಕೋಣೆಯ ಕಿಟಕಿ ತೆರೆದಿಟ್ಟು ಕೆಲಸಕ್ಕೆ ಕೂತಳು. ಕದ್ದು ಮಾಡುವ ಮನಸ್ಸು ಅವಳಿಗಿರಲಿಲ್ಲ. ಬೊಮ್ಮಯ್ಯನಿಗೆ ಮೊದಲೇ ತಿಳಿಸಿದ್ದಳು, ಅವನು ಊರಿಗೆಲ್ಲ ತಿಳಿಸಿದ್ದ. ಕಟ್ಟೆಯ ಮೇಲೆ ಜನ ಕೂಡಿದರು. ಉಮಾಕಾಂತಣ್ಣ ಬಾಗಿಲಲ್ಲಿ ಬಂದು ನಿಂತ.

‘ಸಮಿತಿ ಬೇಡ ಅಂದಿದೆ ವಾರಿಜಾ.’

‘ಹೌದು ಅಣ್ಣ.’

‘ಬೇರೆಯವರನ್ನ ಕೂರಿಸ್ತೀವಿ ಆ ಕುರ್ಚಿ ಮೇಲೆ.’

‘ಕೂರಿಸಿ. ಕಾಳು ಯಾವುದು, ಮನುಷ್ಯ ಯಾವುದು ಅಂತ ಅವರಿಗೆ ಹೇಳ್ಕೊಡಿ.’

ಅವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಅವಳು ಆ ಸಾಫ್ಟ್‌ವೇರ್ ತೆರೆದಳು. ಗೆರೆಗಳ ಮೇಲಿನ ಗುಂಡಿಗಳೆಲ್ಲ ಬಲತುದಿಯಲ್ಲಿದ್ದವು. ಕೆಳಗೆ ಒಂದು ಮೂಲೆಯಲ್ಲಿ ‘ಡಿಫಾಲ್ಟ್’ ಎಂಬ ಬಟನ್. ಒಂದೇ ಒತ್ತಿಗೆ ಎಲ್ಲ ಹಿಂದಕ್ಕೆ ಹೋಗುತ್ತದೆ. ಮೌಸಿನ ಮೇಲಿಟ್ಟ ಅವಳ ಕೈ ಅಲ್ಲೇ ನಿಂತಿತು. ‘ವೇಣೀ’ ಎಂದಳು, ನನಗಷ್ಟೇ ಕೇಳುವಂತೆ. ‘ಇದನ್ನ ಇಳಿಸಿದ್ರೆ, ನಮ್ಮನೆಯವರು ಹಾಗೆ ಹೋದದ್ದು ಸರಿ ಅಂತ ನಾನೇ ಒಪ್ಪಿದ ಹಾಗಾಗತ್ತಾ?’

‘ಇಲ್ಲ ಅಕ್ಕಾ’ ಎಂದೆ. ಅವಳು ನನ್ನ ಉತ್ತರಕ್ಕೆ ಕಾದವಳಲ್ಲ. ಒತ್ತಿದಳು.

ಗುಂಡಿಗಳು ಜಾರಿ ಹಳೆಯ ಜಾಗಕ್ಕೆ ಬಂದವು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಪರದೆ ಬೆಳಗಿತು. ನೋಡಿದರೆ ಗುಂಡಿಗಳು ಮತ್ತೆ ಬಲತುದಿಗೆ ಹೋಗಿ ಕೂತಿವೆ. ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಯಾರೋ, ‘ಅದಕ್ಕೂ ಇಷ್ಟ ಇಲ್ಲ ನೋಡಿ’ ಎಂದರು. ವಾರಿಜಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪ್ಯೂಟರ್ ಎದ್ದ ಕೂಡಲೇ ಏರಿಸಿದ ಅಳತೆಯನ್ನೇ ಹಾಕಿಕೊಳ್ಳಲಿ ಎಂದು ಹಿಂದೆ ತಾನೇ ಇಟ್ಟಿದ್ದ ಒಂದು ಗುರುತನ್ನು ಹುಡುಕಿ ತೆಗೆದಳು. ಮತ್ತೆ ಡಿಫಾಲ್ಟ್ ಒತ್ತಿದಳು, ಫ್ಯಾನಿನ ವೇಗವನ್ನು ಅದರ ಪಾಡಿಗೆ ಬಿಟ್ಟಳು, ಆರಿಸಿ ಹಚ್ಚಿದಳು. ಈ ಸಲ ಗುಂಡಿಗಳು ಹಳೆಯ ಜಾಗದಲ್ಲೇ ನಿಂತವು. ಆದರೆ ಚಿತ್ರ ಇನ್ನೂ ಓಡುತ್ತಿತ್ತು. ಕಾಳುಗಳೂ ಇದ್ದವು.

‘ಒಳಗೇ ಬರೆದಿದ್ದೆನಲ್ಲ’ ಎಂದಳು. ‘ಕಾರ್ಡನ್ನೇ ಹೊರಗೆ ತೆಗೀಬೇಕು.’

ಕರೆಂಟಿನ ವಯರು ಕಿತ್ತಳು. ಪರದೆ ಕಪ್ಪಾಯಿತು. ನೋಟದ ಕೋಣೆಯ ಪರದೆ ಹಗಲಲ್ಲಿ ಕಪ್ಪಾದದ್ದನ್ನು ಊರು ಕಂಡಿರಲಿಲ್ಲ. ಕಟ್ಟೆಯ ಮೇಲಿನ ಗುಜುಗುಜು ನಿಂತೇಹೋಯಿತು. ಅವಳು ಡಬ್ಬವನ್ನು ಮಗ್ಗುಲಾಗಿ ಮಲಗಿಸಿ, ಕೈ ಸುಡದಷ್ಟು ಆರುವವರೆಗೆ ಕಾದು, ಕಾರ್ಡನ್ನು ಕಳಚಿ ಹೊರತೆಗೆದಳು. ಒಂದು ಗೇಣಿಗಿಂತ ಉದ್ದದ ಕರಿ ಹಲಗೆ, ಎರಡು ಫ್ಯಾನು, ರೆಕ್ಕೆಗಳ ಸಂದಿಯಲ್ಲಿ ಗಿರಣಿಯ ತೌಡಿನ ಧೂಳು. ಊರೆಲ್ಲ ಮಾತಾಡುತ್ತಿದ್ದ ವಸ್ತುವನ್ನು ನಾನೂ ಮೊದಲ ಸಲ ಹೊರಗೆ ನೋಡಿದ್ದು. ಧೂಳನ್ನು ಬ್ರಶ್ಶಿನಿಂದ ತೆಗೆದಳು. ಆಮೇಲೆ ಅದರ ಅಂಚಿನಲ್ಲಿದ್ದ ಅನ್ನದಗುಳಿನಷ್ಟು ಸಣ್ಣ ಸ್ವಿಚ್ಚನ್ನು ನನಗೆ ತೋರಿಸಿದಳು. ಕಾರ್ಡಿನ ಒಳಗೆ ಎರಡು ನೆನಪು ಇರುತ್ತವಂತೆ. ಒಂದನ್ನು ಅವಳು ತಿದ್ದಿದ್ದಳು. ಇನ್ನೊಂದು, ಮಾಡಿದವರು ಬರೆದು ಕಳಿಸಿದ್ದು, ಹಾಗೇ ಇತ್ತು. ಉಗುರಿನ ತುದಿಯಿಂದ ಸ್ವಿಚ್ಚನ್ನು ಆಚೆ ಬದಿಗೆ ತಳ್ಳಿದಳು. ಕಡ್ಡಿ ಮುರಿದಷ್ಟೂ ಸದ್ದಾಗಲಿಲ್ಲ.

ಕಾರ್ಡನ್ನು ಮತ್ತೆ ಕೂರಿಸಿ, ಹಲ್ಲು ಸರಿಯಾಗಿ ಕಚ್ಚಿದೆಯೇ ಎಂದು ಎರಡೂ ಹೆಬ್ಬೆರಳಿನಿಂದ ಒತ್ತಿ, ವಯರು ಹಾಕಿದಳು. ಪರದೆ ಕಪ್ಪಾಗಿಯೇ ಇತ್ತು. ಉಮಾಕಾಂತಣ್ಣ ಹೊಸ್ತಿಲು ದಾಟಿ ಒಳಗೆ ಬಂದ. ‘ಹಾಳು ಮಾಡಿದ್ಯಲ್ಲೇ! ಮಕ್ಕಳೆಲ್ಲ ಆಚೆಗಿದ್ದಾರೆ!’ ಎಂದ. ಅದೂ ನಿಜವೇ, ಶಾಲೆಯ ಮಕ್ಕಳು ಆಚೆ ದಡದಲ್ಲಿದ್ದರು. ವಾರಿಜಕ್ಕ ಪರದೆಯಿಂದ ಕಣ್ಣು ತೆಗೆಯದೆ, ‘ಕಾಯಿರಿ’ ಎಂದಳು.

ಮೊದಲು ಬಂದದ್ದು ಮೌನ. ಎಷ್ಟೋ ತಿಂಗಳಿಂದ ಕಿವಿಯಲ್ಲಿ ಮೊರೆಯುತ್ತಿದ್ದ ಫ್ಯಾನುಗಳು ಒಮ್ಮೆ ಗುರುಗುಟ್ಟಿ ತಗ್ಗಿದವು; ಆ ಕೋಣೆಯಲ್ಲಿ ನಮ್ಮ ಉಸಿರು ನಮಗೆ ಕೇಳಿಸಿತು. ಆಮೇಲೆ ಪರದೆಯ ಮೇಲೆ ಬಿಳಿ ಅಕ್ಷರ, ಅಕ್ಷರ ಹೋಗಿ ನದಿ. ಮೇಲಿನಿಂದ ಕೆಳಕ್ಕೆ, ಯಾರೋ ಚಾಪೆ ಬಿಚ್ಚಿದಂತೆ ನಿಧಾನವಾಗಿ ಬಿಡಿಸಿಕೊಂಡಿತು. ಬಂಡೆಗಳು ಬಂಡೆಗಳ ಜಾಗದಲ್ಲಿ. ದಿಬ್ಬ ದಿಬ್ಬದ ಜಾಗದಲ್ಲಿ. ಉಳಿದ ಕಡೆ ಒಂದೇ ಒಂದು ಕಾಳಿಲ್ಲ, ಬರೀ ನೀರು. ವಾರಿಜಕ್ಕ ಅದನ್ನು ಮತ್ತೆ ಬದಲಾಗುವವರೆಗೆ ನೋಡಿದಳು, ಇನ್ನೊಮ್ಮೆ ಬದಲಾಗುವವರೆಗೆ ನೋಡಿದಳು. ‘ಬೊಮ್ಮಣ್ಣಂಗೆ ಹೇಳು ವೇಣೀ, ಮಕ್ಕಳನ್ನ ಕರೆತರಲಿ’ ಎಂದಳು. ಮಕ್ಕಳು ಈಚೆ ಇಳಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕಟ್ಟೆಯ ಮೇಲೆ ಕಾದ ತಾಯಂದಿರಲ್ಲಿ ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ.

ಅವಳನ್ನು ಕುರ್ಚಿಯಿಂದ ಎಬ್ಬಿಸಲೂ ಇಲ್ಲ, ಪೂರ್ತಿ ಓದಬಲ್ಲವರು ಬೇರೆ ಯಾರೂ ಇರಲಿಲ್ಲವಲ್ಲ. ಊರು ಗೊಣಗಿತು. ಸುಗಂಧಿ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು. ಎರಡು ಮನೆಯವರು ಆಚೆ ದಡಕ್ಕೆ ಬಿಡಾರ ಬದಲಿಸಿದರು. ಮೀನಿನವರು ಮಂಜುಗಡ್ಡೆ ಒಯ್ಯತೊಡಗಿದರು. ಆಸ್ಪತ್ರೆಯ ಡಾಕ್ಟರು ವಾರಕ್ಕೊಮ್ಮೆ ಈಚೆ ಬಂದು ಗಿರಣಿಯ ಜಗುಲಿಯ ಮೇಲೆ ಕೂರುವುದಕ್ಕೆ ಒಪ್ಪಿದರು. ಹಾವಿನ ಮದ್ದನ್ನು ಈಚೆಯೂ ಇಡುವ ಏರ್ಪಾಡಾಯಿತು. ಅವೆಲ್ಲ ಆದದ್ದು ವಾರಿಜಕ್ಕ ಸಮಿತಿಯ ಬೆನ್ನು ಹತ್ತಿ ಕೇಳಿದ್ದರಿಂದ. ಜೊತೆಗೆ ಅವಳು ತಾನಾಗಿ ಇನ್ನೊಂದು ಕೆಲಸ ಹಚ್ಚಿಕೊಂಡಳು. ನನಗೆ ಚಿತ್ರ ಓದುವುದನ್ನು ಪೂರ್ತಿ ಕಲಿಸಿದಳು. ಚಿತ್ರ ಶುದ್ಧವಾಗಿ, ನಿಧಾನವಾಗಿ ಬರುತ್ತಿದ್ದುದರಿಂದ ಓದುವುದು, ಹೇಳುವುದು ಎರಡನ್ನೂ ಒಬ್ಬಳೇ ಮಾಡಬಹುದಿತ್ತು. ಅಂದಿನಿಂದ ಕಾಯಿಲೆಯವರು ಯಾರಾದರೂ ದಾಟುವಾಗ ಅವಳು ಕುರ್ಚಿಯನ್ನು ನನಗೆ ಬಿಟ್ಟು ಲಾಂಚು ಹತ್ತುತ್ತಿದ್ದಳು. ನೀನು ನರ್ಸಲ್ಲ, ಡಾಕ್ಟರಲ್ಲ, ಹೋಗಿ ಏನು ಮಾಡುತ್ತೀ ಎಂದು ಬೊಮ್ಮಯ್ಯ ಕೇಳಿದ. ‘ಕೂತ್ಕೋತೀನಿ’ ಎಂದಳು.

ಮುಂದಿನ ಚಳಿಗಾಲದಲ್ಲಿ ಉಮಾಕಾಂತಣ್ಣನ ತಾಯಿ ಸುಭದ್ರಮ್ಮನಿಗೆ ಉಸಿರು ಕಟ್ಟಿತು. ಅವನು ಗಿರಣಿಗೆ ಹೋಗಿದ್ದ. ಮನೆಯವರು ಅವನನ್ನು ಕಾಯದೆ ಮುದುಕಿಯನ್ನು ಲಾಂಚಿಗೆ ತಂದರು. ವಾರಿಜಕ್ಕ ಜೊತೆಗೆ ಹತ್ತಿದಳು. ಉಮಾಕಾಂತಣ್ಣ ಓಡಿ ಬರುವಾಗ ಲಾಂಚು ಬಿಟ್ಟಾಗಿತ್ತು. ಕಟ್ಟೆಯಿಂದ ಏನು ಕಾಣುತ್ತದೆ? ಅವನು ನೇರ ನನ್ನ ಕೋಣೆಗೆ ನುಗ್ಗಿದ. ಪರದೆಯ ಮುಂದೆ ನಿಂತು, ಲಾಂಚು ಜರುಗುವುದು, ನಿಲ್ಲುವುದು ನೋಡಿದ.

‘ಏರಿಸು ವೇಣೀ. ಒಂದೇ ಒಂದು ಸಲ ಏರಿಸು.’

‘ಅಣ್ಣ, ನಂಗೆ ಅದು ಬರಲ್ಲ. ಬಂದ್ರೂ…’

‘ನಮ್ಮಮ್ಮ ಕಣೇ ಅದು!’

ನಾನು ವೈರ್‌ಲೆಸ್ ಹಿಡಿದು, ‘ಬಲಕ್ಕೆ ದಿಬ್ಬ, ಎಡಕ್ಕೆ ತಗೊಳ್ಳಿ’ ಎಂದೆ. ಅವನು ಗೋಡೆಗೆ ಒರಗಿ ಪರದೆಯನ್ನೇ ನೋಡುತ್ತ ನಿಂತ. ಸುಮಾರು ಹೊತ್ತಿನ ಮೇಲೆ ಬೊಮ್ಮಯ್ಯನ ಬದಲು ವಾರಿಜಕ್ಕನ ಧ್ವನಿ ಬಂತು. ಸುಭದ್ರಮ್ಮ ಹೋದರೆಂದು ಹೇಳಿದಳು. ಅವನು ಕೈ ಮಾಡಿ, ವಾಪಸ್ಸು ಕರೆಸು ಎಂದು ಸನ್ನೆ ಮಾಡಿದ. ನಾನು ಅವರನ್ನು ಬಂದ ದಾರಿಯಲ್ಲೇ ತಿರುಗಿಸಿದೆ. ಅಷ್ಟು ಉದ್ದದ ದಾರಿಯನ್ನು ನಾನು ಮುಂಚೆಯೂ ನಡೆಸಿರಲಿಲ್ಲ, ಆಮೇಲೂ ನಡೆಸಿಲ್ಲ.

ಲಾಂಚು ಬಂತು. ತಾಯಿಯನ್ನು ಮನೆಯವರು ಇಳಿಸಿಕೊಂಡರು. ಅವನು ಕೆಳಗೆ ಹೋಗಿ ಮುಖ ನೋಡಿ, ಮತ್ತೆ ಮೆಟ್ಟಿಲು ಹತ್ತಿ ಕೋಣೆಗೆ ಬಂದ. ವಾರಿಜಕ್ಕ ಅವನ ಹಿಂದೆಯೇ ಬಂದಳು. ಅವಳ ಸೀರೆ ಮಂಜಿಗೆ ಒದ್ದೆಯಾಗಿ ಮೈಗಂಟಿತ್ತು. ಅವನು ಅವಳನ್ನು ಬಯ್ಯುತ್ತಾನೆಂದು ನಾನು ಎದ್ದು ನಿಂತೆ.

‘ಓಟ ಇದ್ದಿದ್ರೆ ಉಳೀತಿದ್ಲಾ?’ ಎಂದು ಕೇಳಿದ.

‘ಗೊತ್ತಿಲ್ಲ ಅಣ್ಣ’ ಎಂದಳು ವಾರಿಜಕ್ಕ. ‘ಉಳೀತಿದ್ರೇನೋ.’

ಕೆಳಗೆ ಯಾರೋ ಅಳುವುದು ಕೇಳಿಸುತ್ತಿತ್ತು. ಬೊಮ್ಮಯ್ಯ ಲಾಂಚಿನ ಹಗ್ಗ ಬಿಗಿಯುತ್ತಿದ್ದ.

‘ಏನಾದ್ರೂ ಅಂದ್ಲಾ ಅಮ್ಮ?’

‘ಅಂದ್ರು. ಉಸಿರು ಸಿಕ್ಕಾಗೆಲ್ಲ ಮಾತಾಡಿದ್ರು.’

ಉಮಾಕಾಂತಣ್ಣ ನೆಲದ ಮೇಲೆ ಕೂತ. ವಾರಿಜಕ್ಕ ಒದ್ದೆ ಸೆರಗನ್ನು ಹಿಂಡಿಕೊಂಡು ಅವನ ಎದುರಿಗೆ ಕೂತಳು. ಲಾಂಚು ಕಟ್ಟೆ ಬಿಟ್ಟಾಗ ಅಮ್ಮ ತನ್ನ ಕೈಯನ್ನು ಯಾವ ಕೈಯಿಂದ ಹಿಡಿದುಕೊಂಡರು ಎಂಬಲ್ಲಿಂದ ಶುರು ಮಾಡಿ, ಒಂದು ಮಾತನ್ನೂ ಬಿಡದೆ, ಒಂದಕ್ಕೂ ಅವಸರ ಮಾಡದೆ ಹೇಳತೊಡಗಿದಳು.